ತುಟಿಯಿಂದ ದಿಕ್ಕು ತೋರಿಸುವ ಸೊಸೆ

ಬೆಳಿಗ್ಗೆ ಬಾಯಿ ಮುಕ್ಕಳಿಸುವಾಗ ನೀರು ಎಡಗಡೆಯಿಂದ ತಾನಾಗಿಯೇ ಸೋರಿತು. ನಿದ್ದೆಯ ಮಂಪರು ಅಂದುಕೊಂಡೆ. ಚಹಾ ಕುಡಿಯುವಾಗಲೂ ಹಾಗೇ ಆಯಿತು. ಒರೆಸಿಕೊಂಡು ರೊಟ್ಟಿಯ ಹಿಟ್ಟು ನಾದಲು ಕೂತೆ.

ಅತ್ತೆಯ ಜೊತೆ ನಾಲ್ಕು ಮಾತೂ ಆಡಿದೆ. ಅವರಿಗೆ ಏನೂ ಗೊತ್ತಾಗಲಿಲ್ಲ. ನನ್ನ ಕನ್ನಡ ಮೊದಲೇ ಸೊಟ್ಟ. ಅಂದು ಇನ್ನಷ್ಟು ಸೊಟ್ಟಗಾಗಿದ್ದು ಯಾರಿಗೆ ತಿಳಿಯಬೇಕು?

ನಾನು ಫಿಲಿಪ್ಪೀನ್ಸ್ ದೇಶದವಳು. ಹೆಸರು ಮಾರಿಬೆಲ್. ಮಸ್ಕತ್‌ನ ಬೇಕರಿಯೊಂದರಲ್ಲಿ ನಾನು ಬ್ರೆಡ್ ಮಾಡುತ್ತಿದ್ದೆ, ಬಸವರಾಜ ಅದೇ ಬೇಕರಿಯ ವ್ಯಾನ್ ಓಡಿಸುತ್ತಿದ್ದ. ಅವನನ್ನು ಮದುವೆಯಾಗಿ ಹುಬ್ಬಳ್ಳಿ ಕಡೆಯ ಅವನ ಊರು ಮೊರಬಕ್ಕೆ ಬಂದೆ. ಮಳೆಯಾದ ಮೇಲೆ ಎರೆಮಣ್ಣು ಕಾಲಿನ ಚಪ್ಪಲಿ ಕಿತ್ತುಕೊಳ್ಳುತ್ತದೆ ಎಂಬುದನ್ನು ಇಲ್ಲಿ ಕಲಿತೆ. ‘ಬರ್ತೀನ್ರಿ’ ಎಂದವರು ಹೋಗುತ್ತಾರೆ ಎಂದು ತಿಳಿಯಲು ಮಾತ್ರ ಬಹಳ ದಿನ ಬೇಕಾಯಿತು. ಅಲ್ಲಿಯವರೆಗೆ ಹಾಗೆ ಹೇಳಿ ಹೋದವರಿಗಾಗಿ ಬಾಗಿಲಲ್ಲಿ ಕಾಯುತ್ತಿದ್ದೆ.

ಊರಿನಿಂದ ನಾನು ಹೊತ್ತು ತಂದದ್ದು ಒಂದು ಅಭ್ಯಾಸ. ನಮ್ಮಲ್ಲಿ ದಿಕ್ಕು ತೋರಿಸಲು ಬೆರಳು ಬೇಕಿಲ್ಲ, ತುಟಿ ಚಾಚಿದರೆ ಸಾಕು. ಓಣಿಯ ಹೆಂಗಸರು ಅದನ್ನು ನೋಡಿ ನಕ್ಕು ಸುಸ್ತಾದರು. ಅತ್ತೆ ಮಾತ್ರ ಆ ಭಾಷೆಯನ್ನು ನಾನು ಕನ್ನಡ ಕಲಿಯುವುದಕ್ಕೂ ಮೊದಲೇ ಕಲಿತುಬಿಟ್ಟರು.

ಅಂದು ಅವರು ಬೆಲ್ಲದ ಡಬ್ಬಿ ಎಲ್ಲಿ ಎಂದು ಕೇಳಿದರು. ನನ್ನ ಕೈ ತುಂಬ ಹಿಟ್ಟು. ಎದುರಿನ ಗೋಡೆಯ ಮಾಡದ ಕಡೆ ತುಟಿ ಚಾಚಿದೆ. ಅವರು ಬಲಗಡೆಯ ಬಾಗಿಲಿಗೆ ಹೋದರು. ಮತ್ತೆ ತೋರಿಸಿದೆ. ಮತ್ತೆ ಬಾಗಿಲನ್ನೇ ನೋಡಿದರು. ಆಮೇಲೆ ನನ್ನನ್ನು ನೋಡಿದರು.

“ಯವ್ವಾ, ನಿನ್ನ ಮಾರಿ ಒಂದ ಕಡೆ ಜಗ್ಗೇತಿ.”

ಕನ್ನಡಿಯಲ್ಲಿ ಅರ್ಧ ನಾನಿದ್ದೆ.

ಎಡಗಣ್ಣು ಮುಚ್ಚುತ್ತಿರಲಿಲ್ಲ. ಎಡಗಡೆಯ ತುಟಿ ಜೋತುಬಿದ್ದಿತ್ತು. ಅಕ್ಕಪಕ್ಕದವರು ಬಂದು ಲಕ್ವಾ ಎಂದರು. ಆ ಶಬ್ದ ನನಗೆ ಗೊತ್ತಿತ್ತು. ಓಣಿಯ ಕೊನೆಯ ಮನೆಯ ಅಜ್ಜ ಅದರಿಂದಲೇ ಹಾಸಿಗೆ ಹಿಡಿದಿದ್ದ. ಯಾರೋ ಗಿಡಮೂಲಿಕೆ ಔಷಧ ಕೊಡುವವರ ಹೆಸರು ಹೇಳಿದರು. ಮೊದಲು ಹುಬ್ಬಳ್ಳಿ ದವಾಖಾನೆ, ಉಳಿದದ್ದು ಆಮೇಲೆ ಎಂದು ಅತ್ತೆ ಮಾತು ಮುಗಿಸಿದರು. ಬಸವರಾಜ ಹೊಲದಲ್ಲಿ ಹೆಸರುಕಾಳಿನ ರಾಶಿ ಬಿಟ್ಟು ಓಡಿ ಬಂದ. ಕಾರಿನಲ್ಲಿ ಅತ್ತೆ ನನ್ನ ಕೈ ಬಿಡಲಿಲ್ಲ. ಸಮುದ್ರದಾಚೆ ಇರುವ ನನ್ನ ತಾಯಿಗೆ ಏನು ಹೇಳುವುದು, ಮಲಗಿದಲ್ಲೇ ಆದರೆ ಇವರಿಗೆಲ್ಲ ಎಂಥ ಹೊರೆಯಾಗುತ್ತೇನೆ ಎಂದು ಯೋಚಿಸುತ್ತ ದಾರಿಯುದ್ದಕ್ಕೂ ಮುಚ್ಚದ ಕಣ್ಣಿಗೆ ಸೆರಗು ಒತ್ತಿಕೊಂಡೇ ಇದ್ದೆ.

ಡಾಕ್ಟರ್ ವಯಸ್ಸಾದ ಹೆಣ್ಣುಮಗಳು. ಊರು ಯಾವುದು ಎಂದು ಕೇಳಿದರು. ಯಾರು ಕೇಳಿದರೂ ಫಿಲಿಪ್ಪೀನ್ಸ್ ಎನ್ನುತ್ತಿದ್ದವಳು ನಾನು. ಅಂದು ಬಾಯಿಗೆ ಬಂದದ್ದು ಮೊರಬ.

ಅದೂ ಬರಲಿಲ್ಲ.

ಆ ಹೆಸರು ಹೇಳಲು ತುಟಿ ಎರಡು ಸಲ ಕೂಡಬೇಕು. ಬಸವರಾಜನೇ ಹೇಳಿದ. ಡಾಕ್ಟರ್ ಹುಬ್ಬು ಎತ್ತಿಸಿದರು, ಕೈಕಾಲು ಒತ್ತಿ ನೋಡಿದರು, ನಡೆಸಿದರು.

“ಲಕ್ವಾ ಅಲ್ರಿ ಇದು. ಬೆಲ್ಸ್ ಪಾಲ್ಸಿ. ಮುಖದ ನರ ಬಾತೈತಿ. ಲಗೂನ ಬಂದೀರಿ, ಚೊಲೋ ಆತು.”

ಸ್ಟೀರಾಯ್ಡ್ ಮಾತ್ರೆ, ಐ ಡ್ರಾಪ್ಸ್, ಮಲಗುವಾಗ ಕಣ್ಣಿಗೆ ಟೇಪ್, ದಿನವೂ ಫಿಸಿಯೋಥೆರಪಿ. ಬಹಳ ಜನಕ್ಕೆ ಪೂರ್ತಿ ವಾಸಿಯಾಗುತ್ತದೆ, ಕೆಲವರಿಗೆ ಸ್ವಲ್ಪ ಉಳಿಯುತ್ತದೆ ಎಂದೂ ಮುಚ್ಚಿಡದೆ ಹೇಳಿದರು. ಹೊರಗೆ ಬಂದ ಮೇಲೆ ಬಸವರಾಜ, ನಿನ್ನ ಹೆಸರಿನಲ್ಲೇ ಮುಖದ ಮಾರಿಯೂ ಇದೆ, ಪಾಲ್ಸಿಯ ಬೆಲ್ಲೂ ಇದೆ, ಈ ರೋಗ ವಿಳಾಸ ಹುಡುಕಿಕೊಂಡೇ ಬಂದಿದೆ ಎಂದ. ನಗು ಬಂತು. ಅರ್ಧ ಮುಖದಲ್ಲೇ ನಕ್ಕೆ.

ಫಿಸಿಯೋಥೆರಪಿ ಎಂದರೆ ಗಲ್ಲ ಉಬ್ಬಿಸಬೇಕು, ಸಿಳ್ಳೆ ಹಾಕಬೇಕು. ಒಬ್ಬಳೇ ಮಾಡಲು ನಾಚಿಕೆಯಾಗುತ್ತಿತ್ತು. ಅತ್ತೆ ಎದುರು ಕೂತು ತಾವೂ ಶುರು ಮಾಡಿದರು. ಅವರಿಗೆ ಮುಂದಿನ ಹಲ್ಲಿಲ್ಲ. ನನ್ನ ಗಾಳಿ ಎಡದಿಂದ ಸೋರಿದರೆ ಅವರದು ನಡುವಿನಿಂದ.

ತಾಯಿಯ ವೀಡಿಯೋ ಕಾಲ್ ಬಂದಾಗಲೆಲ್ಲ ನೆಟ್‌ವರ್ಕ್ ಇಲ್ಲ ಎಂದು ಬರೆದು ತಪ್ಪಿಸಿಕೊಳ್ಳುತ್ತಿದ್ದೆ. ಅತ್ತೆಗೆ ಅದು ಗೊತ್ತಾಯಿತು.

“ಹಡದಾಕಿಗೆ ಮಾರಿ ತೋರಸಾಕ ಎಂಥಾ ನಾಚಿಕಿ? ಹಚ್ಚು ಫೋನು.”

ಹಚ್ಚಿದೆ. ತಾಯಿ ನೋಡಿದಳು. ಅಳತೊಡಗಿದಳು. ಆಗ ಅತ್ತೆ ಫೋನಿನ ಮುಂದೆ ಬಾಗಿ, ಎರಡೂ ಗಲ್ಲ ಉಬ್ಬಿಸಿ ತೋರಿಸಿ, ಬೆರಳಿನಿಂದ ನನ್ನ ಗಲ್ಲ ಮುಟ್ಟಿ, ಹಿಂಗ ದಿನಾ ಮಾಡಿದರೆ ನೆಟ್ಟಗಾಗುತ್ತದೆ ಎಂದು ಅಚ್ಚ ಕನ್ನಡದಲ್ಲಿ ವಿವರಿಸಿದರು. ತಾಯಿ ಕಣ್ಣೊರೆಸಿಕೊಂಡಳು. ಸ್ವಲ್ಪ ಹೊತ್ತು ನೋಡಿ ತಾನೂ ಗಲ್ಲ ಉಬ್ಬಿಸಿದಳು. ನಾನೂ. ಅತ್ತೆಯ ಗಾಳಿ ಪುಸ್ಸೆಂದು ಹೊರಬಿತ್ತು. ಮೊದಲು ನಕ್ಕವಳು ನನ್ನ ತಾಯಿ.

ನಕ್ಕಾದ ಮೇಲೆ ಅವಳು ನಮ್ಮ ಹಿಂದೆ ಏನನ್ನೋ ನೋಡಿ ತುಟಿ ಚಾಚಿದಳು. ಅತ್ತೆ ತಿರುಗಿ ನೋಡಿ, “ಅದಾ? ನಮ್ಮ ಆಕಳ ಕರಾ. ಮೊನ್ನಿ ಹುಟ್ಟೇತ್ರಿ,” ಎಂದರು. ಗೊತ್ತಾಯಿತು ಎನ್ನುವಂತೆ ತಾಯಿ ತಲೆಯಾಡಿಸಿದಳು. ನಾನು ಅನುವಾದ ಮಾಡಲಿಲ್ಲ.

ಮೊದಲು ಕಣ್ಣು ಮುಚ್ಚತೊಡಗಿತು. ಆಮೇಲೆ ಒಂದೊಂದೇ ಅಕ್ಷರ ಬಂತು. ದಣಿದಾಗ ಎಡತುಟಿಯ ಅಂಚು ಇಂದಿಗೂ ಸ್ವಲ್ಪ ಇಳಿಯುತ್ತದೆ. ಫೋಟೋದಲ್ಲಿ ನನ್ನ ನಗು ಒಂದು ಕಡೆ ತಡವಾಗಿ ಹೊರಟಂತೆ ಕಾಣುತ್ತದೆ. ಇರಲಿ, ಹೊರಡುತ್ತದಲ್ಲ.

ಒಂದು ಸಂಗತಿಯನ್ನು ಯಾರಿಗೂ ಹೇಳಿರಲಿಲ್ಲ. ನಾಲಿಗೆಯ ಎಡಭಾಗಕ್ಕೆ ರುಚಿಯೇ ಸತ್ತಿತ್ತು. ಅಡುಗೆ ಮಾಡಿ ಹಾಕುವವರಿಗೆ ಅದನ್ನು ಹೇಗೆ ಹೇಳುವುದು? ಮೊನ್ನೆ ಅತ್ತೆ ಹೊಸ ಕೆಂಪು ಮೆಣಸಿನಕಾಯಿ ತಂದು ರಂಜಕದ ಚಟ್ನಿ ಕುಟ್ಟಿದರು. ಬಿಸಿ ರೊಟ್ಟಿಯ ಜೊತೆ ಒಂದು ತುತ್ತು ಬಾಯಿಗಿಟ್ಟೆ. ಬಲಗಡೆಗೆ ಖಾರ, ಉಪ್ಪು, ಹುಳಿ ಎಲ್ಲ ಹತ್ತಿತು. ಒಂದು ಕ್ಷಣ ಬಿಟ್ಟು ಎಡಗಡೆಗೂ ಹತ್ತಿತು. ಎರಡೂ ಕಣ್ಣಲ್ಲಿ ನೀರು ಬಂತು.

ಅತ್ತೆ ಗಾಬರಿಯಾಗಿ ನೀರಿನ ಚರಿಗೆ ಮುಂದಿಟ್ಟರು.

“ಖಾರ ಆತೇನಬೇ?”

“ಅಗದಿ ಖಾರ ಐತ್ರಿ,” ಎಂದೆ. “ಇನ್ನೊಂದೀಟು ಹಾಕ್ರಿ.”