ನನ್ನ ಕಿವಿಗೆ ಸಿಗದ ಹೊಟ್ಟೆ

ಹೊಟ್ಟೆಯೊಳಗಿನ ಕೂಸಿನ ಎದೆಬಡಿತವನ್ನು ನಾನು ಮೊದಲ ಸಲ ಕೇಳಿದ್ದು ರಾಯಚೂರಿನಲ್ಲಿ, ನರ್ಸ್ ತರಬೇತಿಗೆ ಸೇರಿ ಕೆಲವು ತಿಂಗಳಾದ ಮೇಲೆ. ಎಪ್ಪತ್ತರ ದಶಕದ ನಡುವಿನ ಮಾತು. ನಮ್ಮ ಕೈಗೆ ಕೊಟ್ಟಿದ್ದು ಒಂದು ಗೇಣುದ್ದದ ಅಲ್ಯುಮಿನಿಯಂ ತುತ್ತೂರಿ. ಅದರ ಅಗಲ ಬಾಯಿಯನ್ನು ಬಸುರಿಯ ಹೊಟ್ಟೆಗೆ ಒತ್ತಿ, ಇನ್ನೊಂದು ತುದಿಗೆ ಕಿವಿ ಹಚ್ಚಿ, ಕೈ ಬಿಟ್ಟು, ಉಸಿರು ಹಿಡಿದು ಕೇಳಬೇಕು. ಕಲಿಸುವ ಸಿಸ್ಟರ್ "ದಿಂಬಿನ ಕೆಳಗೆ ಕೈಗಡಿಯಾರ ಇಟ್ಟ ಹಾಗೆ ಕೇಳಿಸುತ್ತೆ" ಅನ್ನುತ್ತಿದ್ದರು. ನಮ್ಮ ಮನೆಯಲ್ಲಿ ಗಡಿಯಾರವೂ ಇರಲಿಲ್ಲ, ದಿಂಬೂ ಇರಲಿಲ್ಲ. ನನಗೇನು ಗೊತ್ತಾಗಬೇಕು?

ಮೊದಲ ಮೂರು ಹೊಟ್ಟೆಗಳಲ್ಲಿ ಕರುಳಿನ ಗುಡುಗುಡು ಬಿಟ್ಟು ಬೇರೇನೂ ಕೇಳಿಸಲಿಲ್ಲ. "ಕೇಳಿಸ್ತು, ಕೇಳಿಸ್ತು" ಅಂತ ಕುಣಿಯುತ್ತಿದ್ದ ಗೆಳತಿಯರ ಮೇಲೆ ಸಿಟ್ಟು ಬಂತು. ನಾಲ್ಕನೆಯವಳು ಯಾಪಲದಿನ್ನಿಯಿಂದ ಬಂದ ಕೂಲಿ ಹೆಂಗಸು. ಅವಳ ಹೊಟ್ಟೆಗೆ ಬಗ್ಗಿ, ಇದೂ ಅಷ್ಟೇ ಅಂದುಕೊಂಡು ಏಳುವುದರಲ್ಲಿದ್ದೆ. ಆಗ ಶುರುವಾಯಿತು. ಟಿಕ್‌ಟಿಕ್, ಟಿಕ್‌ಟಿಕ್, ಬಹಳ ದೂರದಿಂದ, ಆದರೆ ಎಂಥ ಅವಸರ! ನಾನು ತುತ್ತೂರಿ ಬಿಟ್ಟು ಅವಳ ಮುಖ ನೋಡಿದೆ. ಅವಳು ಆರಾಮಾಗಿ ಮಲಗಿದ್ದಳು, ಹಲ್ಲಿನಲ್ಲಿ ಸಿಕ್ಕಿದ್ದ ಅಡಿಕೆ ತೆಗೆಯುತ್ತಿದ್ದಳು. ಅವಳೊಳಗೆ ಇನ್ನೊಬ್ಬರು ಹೀಗೆ ಓಡುತ್ತಿರುವುದು ಅವಳಿಗೇ ಕೇಳಿಸುತ್ತಿರಲಿಲ್ಲ, ನನಗೆ ಕೇಳಿಸಿತ್ತು.

ಸಿಸ್ಟರ್ ಗೋಡೆಗೆ ಪಟ ನೇತುಹಾಕಿ ಪಾಠ ಮಾಡುತ್ತಿದ್ದರು. ಐದು ತಿಂಗಳ ಕೂಸು ಒಂದು ಗೇಣಿಗಿಂತ ತುಸು ಉದ್ದ, ಪಾವು ಕಿಲೋಗಿಂತ ತುಸು ಹೆಚ್ಚು ತೂಕ. ಮೈತುಂಬ ನವಿರಾದ ಕೂದಲು. ಹುಬ್ಬು ಮೂಡಿರುತ್ತದೆ, ಕಣ್ಣು ಇನ್ನೂ ಮುಚ್ಚಿರುತ್ತದೆ. ನೀರು ಗುಟುಕರಿಸುತ್ತದೆ, ಬಿಕ್ಕಳಿಸುತ್ತದೆ, ನಿದ್ದೆ ಮಾಡುತ್ತದೆ, ಏಳುತ್ತದೆ. ಇಷ್ಟನ್ನೂ ನಾನು ನೋಟ್‌ಬುಕ್ಕಿನಲ್ಲಿ ಬರೆದುಕೊಂಡೆ. ಆದರೆ "ಬೆರಳ ತುದಿಯ ಗೆರೆಗಳೂ ಆಗಲೇ ಮೂಡಿರುತ್ತವೆ" ಅಂದಾಗ ಪೆನ್ನು ನಿಂತಿತು. ನನ್ನ ಅವ್ವ ಹೊಲದಲ್ಲಿ ಕಳೆ ಕೀಳುವವಳು, ಎಲ್ಲಿ ಹೋದರೂ ಹೆಬ್ಬೆಟ್ಟು ಒತ್ತುವವಳು. ಅದಕ್ಕೆ ನಾನು ಎಷ್ಟು ನಾಚಿಕೊಂಡಿದ್ದೆ! ಆ ಹೆಬ್ಬೆಟ್ಟಿನ ಗುರುತು ಅವಳು ಅಜ್ಜಿಯ ಹೊಟ್ಟೆಯಲ್ಲಿದ್ದಾಗಲೇ ತಯಾರಾಗಿತ್ತು, ಜಗತ್ತಿನಲ್ಲಿ ಅಂಥದ್ದು ಇನ್ನೊಂದಿರಲಿಲ್ಲ. ಆ ವಾರ ಊರಿಗೆ ಹೋದಾಗ ಅವ್ವನ ಹೆಬ್ಬೆರಳು ಹಿಡಿದು ಬಿಸಿಲಿಗೆ ತಿರುಗಿಸಿ ನೋಡಿದೆ. "ಏನ್ ನೋಡಾಕತ್ತಿ ಬೇ, ಮುಳ್ಳು ಚುಚ್ಚಿಲ್ಲ" ಅಂತ ಕೈ ಎಳೆದುಕೊಂಡಳು.

ತರಬೇತಿ ಮುಗಿದ ಮೇಲೆ ಮೊದಲ ನೌಕರಿ ಮಾನ್ವಿ ತಾಲೂಕಿನ ಒಂದು ಹಳ್ಳಿಯಲ್ಲಿ. ಆಗ ನಾನು ಮಾಡಿದ ತಪ್ಪೊಂದನ್ನು ಹೇಳಲೇಬೇಕು. ಏಳು ತಿಂಗಳ ಬಸುರಿಯೊಬ್ಬಳು ಹಸಿರು ಕುಬಸ ತೊಟ್ಟು, ಕೈತುಂಬ ಬಳೆ ಇಟ್ಟುಕೊಂಡು ಬಂದಳು. ಹಿಂದಿನ ದಿನವಷ್ಟೇ ತವರಿನವರು ಕುಬಸದ ಶಾಸ್ತ್ರ ಮಾಡಿ ಕಳಿಸಿದ್ದರು. ತುತ್ತೂರಿ ಹಚ್ಚಿದೆ, ಬಡಿತ ಕೇಳಿಸಿತು, "ಚೊಲೊ ಅದ, ಹೋಗವ್ವ" ಅಂದೆ. ಮೂರನೇ ದಿನ ಅವಳಿಗೆ ಸತ್ತ ಕೂಸು ಹುಟ್ಟಿತು. ಅದು ಒಳಗೆ ಸತ್ತು ಒಂದು ವಾರವಾದರೂ ಆಗಿರಬೇಕು ಅಂತ ಹಿರಿಯ ನರ್ಸ್ ಒಬ್ಬರು ಕೂಸಿನ ಮೈ ನೋಡಿ ಹೇಳಿದರು. ನಾನು ಕೇಳಿದ್ದು ಕೂಸಿನ ಬಡಿತವಲ್ಲ, ತಾಯಿಯದು. ಗಾಬರಿಯಾದ, ದಣಿದ ತಾಯಿಯ ನಾಡಿಯೂ ಹೊಟ್ಟೆಯಲ್ಲಿ ಹಾಗೇ ಕೇಳಿಸುತ್ತದೆ. ಅದಕ್ಕೇ ಒಂದು ಕೈ ಅವಳ ಮಣಿಕಟ್ಟಿನ ಮೇಲಿರಬೇಕು, ಎರಡೂ ಬೇರೆ ಬೇರೆ ಓಡುತ್ತಿವೆಯಾ ನೋಡಬೇಕು. ಸಿಸ್ಟರ್ ಇದನ್ನು ನೂರು ಸಲ ಹೇಳಿದ್ದರು. ನಾನು ಆ ದಿನ ಕೈ ಇಟ್ಟಿರಲಿಲ್ಲ.

ನಾನು ಕೈ ಇಟ್ಟಿದ್ದರೂ ಆ ಕೂಸು ಉಳಿಯುತ್ತಿರಲಿಲ್ಲ ಅಂತ ಎಲ್ಲರೂ ಸಮಾಧಾನ ಹೇಳಿದರು. ಆ ತಾಯಿ ಸಿಟ್ಟಾಗಲೂ ಇಲ್ಲ. "ನೀವು ಕೇಳಿದಾಗ ಇತ್ತಲ್ರೀ?" ಅಂತ ಮಾತ್ರ ಕೇಳಿದಳು. ನಾನು "ಹೂಂ" ಅಂದೆ.

ಎಂಬತ್ತರ ದಶಕದ ಶುರುವಿನಲ್ಲಿ ನನ್ನನ್ನು ದೇವದುರ್ಗ ತಾಲೂಕಿನ ಹಳ್ಳಿಗೆ ವರ್ಗ ಮಾಡಿದರು. ಅಷ್ಟರಲ್ಲಿ ಮದುವೆಯಾಗಿತ್ತು. ನನ್ನ ಗಂಡ ಕುರ್ಡಿಯಲ್ಲಿ ಮೇಷ್ಟ್ರು. ಶನಿವಾರ ಶಾಲೆ ಬಿಟ್ಟ ಮೇಲೆ ಮಾನ್ವಿಗೆ ಬಂದು, ಬಸ್ಸು ಬದಲಿಸಿ ಬದಲಿಸಿ, ಧೂಳು ಮೆತ್ತಿಕೊಂಡು ನನ್ನ ಹತ್ತಿರ ಬರುತ್ತಿದ್ದರು. ಒಂದೇ ಖೋಲಿಯ ಬಾಡಿಗೆ ಮನೆ. ಮುಂದಿನ ಅರ್ಧ ನನ್ನ ಆರೋಗ್ಯ ಕೇಂದ್ರ, ಹಿಂದಿನ ಅರ್ಧ ಸಂಸಾರ, ನಡುವೆ ಒಂದು ಹಳೆಯ ಸೀರೆಯ ಪರದೆ.

ಆ ಊರಿಗೆ ಒಬ್ಬ ಹಳೆಯ ಸೂಲಗಿತ್ತಿ ಇದ್ದಳು. ಅರವತ್ತು ದಾಟಿದವಳು, ಇನ್ನೂ ಹೊಲದ ಕೂಲಿ ಬಿಟ್ಟಿರಲಿಲ್ಲ. ಊರಿನ ಅರ್ಧಕ್ಕರ್ಧ ಜನ ಅವಳ ಕೈಯಲ್ಲಿ ಹುಟ್ಟಿದವರೇ. ನನಗೂ ಅವಳಿಗೂ ಬಂದ ದಿನದಿಂದಲೇ ಜಗಳ. ಬ್ಲೇಡು ಕುದಿಸಲಿಲ್ಲ ಅಂತ ಬೈದೆ, ಉಗುರು ಕತ್ತರಿಸಲಿಲ್ಲ ಅಂತ ಬೈದೆ. ಒಮ್ಮೆ ಅವಳು ನನ್ನ ತುತ್ತೂರಿ ಮುಟ್ಟಲು ಬಂದಾಗ ಕೈಗೆ ಹೊಡೆದೇಬಿಟ್ಟೆ. ನನಗೆ ಬಾಯಿ ಜೋರು, ಆಗ ಇನ್ನೂ ಜೋರಿತ್ತು. ಅವಳು ಮಾತ್ರ ಪ್ರತಿಯೊಂದಕ್ಕೂ "ಆತು ಬಿಡವ್ವ" ಅಂದು, ಮರುದಿನ ಮತ್ತೆ ಬಂದು ಕಟ್ಟೆಯ ಮೇಲೆ ಕೂರುತ್ತಿದ್ದಳು.

ಆ ಊರಿನಲ್ಲೇ ನಾನು ಬಸುರಿಯಾದೆ. ನಾಲ್ಕು ತಿಂಗಳು ಹುಳಿ ತಿಂದು ಸುಖವಾಗಿ ಕಳೆದೆ. ಐದು ತುಂಬಿತು. ಹೊಟ್ಟೆ ಕಾಣತೊಡಗಿತು, ಆದರೆ ಒಳಗೆ ಏನೂ ಅಲುಗಾಡಲಿಲ್ಲ. "ಐದು ತುಂಬೂತನ ಅಲುಗಾಡ್ತದ, ಅಂಜಬ್ಯಾಡ್ರಿ" ಅಂತ ಎಷ್ಟು ಹೆಂಗಸರಿಗೆ ಹೇಳಿದ್ದೇನೋ ಲೆಕ್ಕವಿಲ್ಲ. ಈಗ ನನ್ನ ಪಾಳಿ. ಊಟವಾದ ಮೇಲೆ ಎಡಕ್ಕೆ ಮಲಗಿ ಕಾಯುತ್ತಿದ್ದೆ. ಬೆಲ್ಲದ ನೀರು ಕುಡಿದು ಕಾಯುತ್ತಿದ್ದೆ. ಐದೂವರೆ ತಿಂಗಳಾಯಿತು. ಒಳಗೆ ಯಾರೂ ಇಲ್ಲದ ಮನೆಯ ಬಾಗಿಲು ಬಡಿದ ಹಾಗಿತ್ತು.

ಊರವರ ಹೊಟ್ಟೆಗಳಿಗೆಲ್ಲ ಕಿವಿ ಕೊಟ್ಟ ನನಗೆ ನನ್ನ ಹೊಟ್ಟೆ ಮಾತ್ರ ಕಿವಿಗೆ ಸಿಗುತ್ತಿರಲಿಲ್ಲ. ಎಷ್ಟು ಬಗ್ಗಿದರೂ ತುತ್ತೂರಿಯ ತುದಿ ಗಲ್ಲದ ತನಕವೂ ಬರದು. ಸ್ಟೆತೊಸ್ಕೋಪು ದೇವದುರ್ಗದ ಡಾಕ್ಟರ ಕೊರಳಲ್ಲಿ ಬಿಟ್ಟರೆ ನಮ್ಮಂಥವರ ಕೈಗೆ ಬರುತ್ತಿರಲಿಲ್ಲ. ಒಂದು ದಿನ ಬಾಗಿಲು ಹಾಕಿಕೊಂಡು, ಎನಿಮಾ ಡಬ್ಬಿಯ ರಬ್ಬರ್ ಕೊಳವೆಯನ್ನು ಕಿತ್ತು ತುತ್ತೂರಿಗೆ ಸಿಕ್ಕಿಸಿ, ಇನ್ನೊಂದು ತುದಿಯನ್ನು ಕಿವಿಗೆ ತುರುಕಿಕೊಂಡೆ. ಸುಂಯ್ ಅಂತ ಗಾಳಿ ಕೇಳಿಸಿತು. ಯಾರಾದರೂ ನೋಡಿದ್ದರೆ ನರ್ಸಮ್ಮನಿಗೆ ತಲೆ ಕೆಟ್ಟಿದೆ ಅನ್ನುತ್ತಿದ್ದರು. ನಗುತ್ತಲೇ ಶುರುಮಾಡಿದವಳು ಕೊಳವೆ ಕಿವಿಯಲ್ಲಿಟ್ಟುಕೊಂಡೇ ಅತ್ತೆ.

ದೇವದುರ್ಗಕ್ಕೆ ಹೋಗಿ ತೋರಿಸಬಹುದಿತ್ತು. ಬಸ್ಸು ದಿನಕ್ಕೆರಡು ಇದ್ದವು. ಹೋಗಲಿಲ್ಲ. ಯಾರೂ ಕಿವಿ ಹಚ್ಚಿ ಕೇಳದಿರುವ ತನಕ ಕೂಸು ಇದೆ ಅನ್ನುವ ಹುಚ್ಚು ಆಸೆ. ಗಂಡ ಬಂದಾಗ "ಅಲುಗಾಡ್ತದೇನು?" ಅಂತ ಕೇಳಿದರೆ ಹೂಂ ಅನ್ನುತ್ತಿದ್ದೆ. ಅವರು ಕೈ ಇಟ್ಟರೆ "ಈಗ ಮಲಗ್ಯದ" ಅನ್ನುತ್ತಿದ್ದೆ. ಪಾಪ, ಅವರು ಕೂಸಿಗೆ ಎಚ್ಚರವಾದೀತೆಂದು ಮೆಲ್ಲಗೆ ಕೈ ತೆಗೆಯುತ್ತಿದ್ದರು. ಮಾನ್ವಿಯ ಆ ತಾಯಿಗೆ ಹೇಳಿದ ಹೂಂ ಅನ್ನೇ ಈಗ ನನ್ನ ಮನೆಯಲ್ಲೂ ಹೇಳುತ್ತಿದ್ದೆ.

ಒಂದು ಮಧ್ಯಾಹ್ನ ಸೂಲಗಿತ್ತಿ ಕಟ್ಟೆ ಬಿಟ್ಟು ಒಳಗೆ ಬಂದಳು. ಪರದೆ ಸರಿಸಿ ನನ್ನೆದುರು ಕೂತಳು.

"ನಿಂದು ಅಲುಗಾಡಾಕತ್ತಿಲ್ಲ" ಅಂದಳು.

"ಯಾರು ಹೇಳಿದ್ರು ನಿನಗ?"

"ಯಾರ್ ಹೇಳಬೇಕು? ಕೂಸು ಅಲುಗಾಡಿದಾಕಿ ಕೈ ಹೊಟ್ಟಿ ಮ್ಯಾಲ ಇರ್ತದ. ಆಕಿಗೆ ಗೊತ್ತಿಲ್ಲದನ ಇರ್ತದ. ನಿನ್ನ ಕೈ ಒಂದು ದಿನ ಭೀ ಅಲ್ಲಿ ಕಾಣಲಿಲ್ಲ."

ನಾನು ಅವಳಿಗೆ ಏನೋ ಬೈಯಬೇಕೆಂದು ಬಾಯಿ ತೆರೆದವಳು, ಎದ್ದು ಹೋಗಿ ತುತ್ತೂರಿ ತಂದು ಅವಳ ಮಡಿಲಲ್ಲಿಟ್ಟೆ. ಅವಳು ಅದನ್ನು ಮುಟ್ಟದೆ ನನ್ನ ಮುಖ ನೋಡಿದಳು. "ಕೈ ತೊಳಕೊಂಡು ಬರ್ತೀನಿ ತಡಿ" ಅಂದು ಎದ್ದಳು. ಹೊರಗೆ ಅವಳು ಸಾಬೂನಿನಿಂದ ಮೊಣಕೈತನಕ ಎರಡೆರಡು ಸಲ ತಿಕ್ಕುವುದು ಕೇಳಿಸಿತು. ನನಗೆ ನಾಚಿಕೆಯಾಯಿತು.

ಚಾಪೆಯ ಮೇಲೆ ಮಲಗಿದೆ. ಅವಳು ಎರಡೂ ಅಂಗೈಯಿಂದ ಹೊಟ್ಟೆಯನ್ನು ನಿಧಾನಕ್ಕೆ ಸವರಿ, ಒತ್ತಿ, ಮತ್ತೆ ಸವರಿದಳು. ಎಲ್ಲಿ ಒತ್ತಬೇಕು, ಹೇಗೆ ಕೈ ಬಿಡಬೇಕು ಅಂತ ನಾನು ಹೇಳಿಕೊಟ್ಟೆ. ನನ್ನ ಎಡ ಅಂಗೈಯನ್ನು ಅವಳ ಮುಂದೆ ಚಾಚಿ, "ಕೇಳಿಸಿದ್ರ ಬಾಯಿಲೆ ಹೇಳಬ್ಯಾಡ. ಹ್ಯಾಂಗ ಬಡೀತದೋ ಹಂಗ ಇಲ್ಲಿ ಬೆರಳಿಂದ ಬಡಿ" ಅಂದೆ. ಬಲಗೈ ಬೆರಳುಗಳನ್ನು ನನ್ನ ಕುತ್ತಿಗೆಯ ನಾಡಿಯ ಮೇಲೆ ಇಟ್ಟುಕೊಂಡೆ. ಈ ಸಲ ಮರೆಯಲಿಲ್ಲ.

ಅವಳು ಬಗ್ಗಿದಳು. ಸ್ವಲ್ಪ ಹೊತ್ತು ಏನೂ ಇಲ್ಲ. ಆಮೇಲೆ ಅವಳ ಒರಟು ತೋರುಬೆರಳು ನನ್ನ ಅಂಗೈ ಮೇಲೆ ಬಡಿಯತೊಡಗಿತು. ಟಪ್, ಟಪ್, ಟಪ್. ಅವಳ ಮುಖ ಅರಳಿತು. ಆದರೆ ನನ್ನ ಕುತ್ತಿಗೆಯಲ್ಲೂ ಅದೇ ಬಡಿತ. ಒಂದಕ್ಕೊಂದು, ಸರಿಯಾಗಿ ಒಂದಕ್ಕೊಂದು.

"ಅದು ನಂದು" ಅಂದೆ. "ಅದು ಕೂಸಿಂದಲ್ಲ ಯವ್ವಾ, ನಂದು."

ಅವಳು ತಲೆ ಎತ್ತಲಿಲ್ಲ. "ಸುಮ್ನಿರು" ಅಂದು, ತುತ್ತೂರಿಯನ್ನು ಎರಡು ಬೆರಳು ಕೆಳಗೆ ಸರಿಸಿದಳು. ಏನೂ ಇಲ್ಲ. ಬಲಕ್ಕೆ ಸರಿಸಿದಳು. ಏನೂ ಇಲ್ಲ. ಊರ ಹಿಟ್ಟಿನ ಗಿರಣಿಯ ಡೀಸೆಲ್ ಇಂಜಿನ್ ದೂರದಲ್ಲಿ ಬಡಿದುಕೊಳ್ಳುತ್ತಿತ್ತು. ಅವಳು ಕಣ್ಣು ಮುಚ್ಚಿ ಹಾಗೇ ಬಗ್ಗಿಕೊಂಡು ಕಾದಳು. ನಾನು ಸೂರಿನ ತೊಲೆ ನೋಡುತ್ತ ಮಾನ್ವಿಯ ಆ ಹೆಂಗಸಿನ ಮುಖವನ್ನು ನೆನಪಿಸಿಕೊಂಡೆ, ಅವಳಿಗೆ ನಿಜ ಹೇಳದ್ದಕ್ಕೆ ನನಗೆ ಈ ಶಿಕ್ಷೆ ಅಂದುಕೊಂಡೆ. ಓದಿದವಳು ಹಾಗೆಲ್ಲ ಅಂದುಕೊಳ್ಳಬಾರದು. ಅಂದುಕೊಂಡೆ. ಗಿರಣಿ ನಿಂತಿತು. ಅವಳು ಬಲ ಪಕ್ಕೆಯ ಹತ್ತಿರ, ತೀರಾ ಅಂಚಿಗೆ, ಗಟ್ಟಿಯಾಗಿ ಒತ್ತಿದಳು.

ಬೆರಳು ನನ್ನ ಅಂಗೈ ಮೇಲೆ ಒಮ್ಮೆ ಬಿತ್ತು, ತಡವರಿಸಿತು, ನಿಂತಿತು. ಮತ್ತೆ ಶುರುವಾಯಿತು. ಟಪ್‌ಟಪ್, ಟಪ್‌ಟಪ್, ಟಪ್‌ಟಪ್. ಇಷ್ಟು ಜಲ್ದಿ ಆ ಮುದಿ ಬೆರಳು ಆಡಬಲ್ಲದು ಅಂತ ನನಗೆ ಗೊತ್ತೇ ಇರಲಿಲ್ಲ. ಅದಕ್ಕೆ ಸಾಕಾಗದೆ ಅವಳು ಎರಡು ಬೆರಳು ಜೋಡಿಸಿಕೊಂಡು ಒಂದರ ಹಿಂದೊಂದು ಬಡಿದಳು. ನನ್ನ ಕುತ್ತಿಗೆಯಲ್ಲಿ ಒಂದಾದರೆ ಅಂಗೈಯಲ್ಲಿ ಎರಡಕ್ಕೆ ಹತ್ತಿರ. ಭಯಕ್ಕೆ ನನ್ನ ನಾಡಿ ಓಡುತ್ತಿತ್ತು, ಆದರೂ ಅದನ್ನು ಹಿಂದೆ ಹಾಕಿ ಇನ್ನೊಂದು ಓಡುತ್ತಿತ್ತು. ಒಂದಕ್ಕೊಂದು ಸಂಬಂಧವೇ ಇಲ್ಲದ ಹಾಗೆ, ಅದರ ಪಾಡಿಗೆ ಅದು. ನನ್ನ ಹೆದರಿಕೆ ಅದಕ್ಕೆ ತಟ್ಟಿರಲಿಲ್ಲ. ಒಂದು ಗೇಣುದ್ದದ ಜೀವ ನನ್ನನ್ನು ಕೇಳದೆ, ನನಗೆ ಹೇಳದೆ, ಕತ್ತಲಲ್ಲಿ ಕೂತು ತನ್ನ ಕೆಲಸ ನಡೆಸಿತ್ತು. ನಾನು ಬಿಕ್ಕಿ ಬಿಕ್ಕಿ ಅತ್ತೆ. ಹೊಟ್ಟೆ ಕುಲುಕಿ ತುತ್ತೂರಿ ಜಾರಿತು. "ಅಳಬ್ಯಾಡ ಬೇ, ಕೇಳಗೊಡವಲ್ಲಿ" ಅಂತ ಗದರಿದಳು.

ಅಲುಗಾಟ ತಿಳಿಯಲು ಮತ್ತೂ ಹತ್ತು ದಿನ ಬೇಕಾಯಿತು. ಮಾಸು ಹೊಟ್ಟೆಯ ಮುಂಭಾಗಕ್ಕೆ ಅಂಟಿ ಅಡ್ಡವಿದ್ದರೆ ಕೂಸಿನ ಒದೆತ ತಡವಾಗಿ ಗೊತ್ತಾಗುತ್ತದೆ ಅಂತ ದೇವದುರ್ಗದ ಡಾಕ್ಟರು ಆಮೇಲೆ ಹೇಳಿದರು. ಆದರೆ ನನ್ನ ಮಗಳು ನನಗೆ ಸಿಕ್ಕಿದ್ದು ಆ ಮಧ್ಯಾಹ್ನವೇ.

ಸೂಲಗಿತ್ತಿ ಕೊನೆಗೆ ತಲೆ ಎತ್ತಿದಾಗ ಕಿವಿಯ ಸುತ್ತ ತುತ್ತೂರಿಯ ದುಂಡು ಗುರುತು ಕೆಂಪಗೆ ಮೂಡಿತ್ತು. ಕಣ್ಣು ತುಂಬಿದ್ದವು. ಇಡೀ ಊರನ್ನೇ ಹಡೆಸಿದವಳು, ಒಂದು ಕೂಸನ್ನೂ ಅದು ಒಳಗಿದ್ದಾಗ ಕೇಳಿರಲಿಲ್ಲ.

"ದುಡಿಯೋದು ಹುಟ್ಟಿದ ಮ್ಯಾಲ ಸುರು ಆಗ್ತದ ಅಂತ ತಿಳಕೊಂಡಿದ್ದೆ" ಅಂದಳು. "ಒಳಗ ಇದ್ದಾಗಿಂದಾನ ಇಷ್ಟು ದುಡೀತಾವೇನ ಇವು? ಒಂದು ಗಳಿಗಿ ಪುರುಸೊತ್ತಿಲ್ಲಲ್ಲ ಯವ್ವಾ!"

ಅವಳು ಸೆರಗಿನಿಂದ ಕಿವಿ ಒರೆಸಿಕೊಂಡು, "ಇನ್ನೊಮ್ಮೆ ಕೇಳ್ತೀನಿ" ಅಂತ ಮತ್ತೆ ಬಗ್ಗಿದಳು. ನಾನು ಅಂಗೈ ಚಾಚಿದೆ.