ಗುರುಗಳು ಒಪ್ಪದ ಪ್ರಬಂಧ

ಎಂಬತ್ತರ ದಶಕದ ಮೊದಲ ವರ್ಷಗಳಲ್ಲಿ ನಾನು ಕಾರ್ಕಳದ ಕಾಲೇಜೊಂದರಲ್ಲಿ ತತ್ತ್ವಶಾಸ್ತ್ರ ಕಲಿಸುತ್ತ ಪಿಎಚ್.ಡಿ. ಪ್ರಬಂಧ ಬರೆಯುತ್ತಿದ್ದೆ. ಮನುಷ್ಯನನ್ನು ಅವನ ಕೆಲಸಕ್ಕಾಗಿ ಯಾವಾಗ ಹೊಗಳಬಹುದು, ಯಾವಾಗ ದೂರಬಹುದು ಎಂಬುದು ವಿಷಯ. ಮಾರ್ಗದರ್ಶಕರ ಮನೆ ಮಣಿಪಾಲದಲ್ಲಿತ್ತು. ಬೇರೆ ರೀತಿ ನಡೆದುಕೊಳ್ಳಲು ಸಾಧ್ಯವಿದ್ದವನಿಗೆ ಮಾತ್ರ ಹೊಗಳಿಕೆಯೂ ದೂರೂ ಸಲ್ಲುತ್ತವೆ ಎಂದು ಜೀವನವಿಡೀ ವಾದಿಸಿದವರು ಅವರು. ನಾನೂ ಎರಡು ಅಧ್ಯಾಯಗಳನ್ನು ಹಾಗೆಯೇ ಬರೆದಿದ್ದೆ.

ಆ ದಿನಗಳಲ್ಲೊಮ್ಮೆ ಕಾಪುವಿನಲ್ಲಿ ನನ್ನ ಸೋದರಮಾವ ಕಡಲಿಗೆ ಹೋಗಿದ್ದಾಗ ಗಾಳಿ ಎದ್ದಿತು. ಉಳಿದ ದೋಣಿಗಳೆಲ್ಲ ದಡಕ್ಕೆ ತಿರುಗಿದವು. ಮಾವನ ದೋಣಿ ಮಾತ್ರ ಮಗುಚಿದ ಇನ್ನೊಂದು ದೋಣಿಯತ್ತ ಹೋಗಿ, ನೀರಿನಲ್ಲಿದ್ದವರನ್ನೆಲ್ಲ ಎತ್ತಿಕೊಂಡು ಬಂತು. ದಡದಲ್ಲಿ ಕಾದಿದ್ದ ನಾನು, ಹೆದರಿಕೆಯಾಗಲಿಲ್ಲವೇ ಎಂದು ಕೇಳಿದೆ. ಮಾವ ಹೆಗಲ ಮೇಲಿನ ಒದ್ದೆ ಬೈರಾಸು ತೆಗೆದು ಹಿಂಡುತ್ತ, "ಆಯಿತು. ಆದರೆ ಬಿಟ್ಟು ಬರಲಿಕ್ಕೆ ನನ್ನಿಂದ ಆಗುವುದಿಲ್ಲ ಮಗಾ" ಎಂದರು.

ಇದನ್ನು ಗುರುಗಳಿಗೆ ಹೇಳಿದೆ. "ಬಿಟ್ಟು ಬರಲಿಕ್ಕೆ ಆಗುವುದೇ ಇಲ್ಲ ಅಂತಾದರೆ ಹೊಗಳಲಿಕ್ಕೆ ಎಂತ ಉಂಟಮ್ಮಾ?" ಎಂದು ಕೇಳಿದರು. ಆ ಪ್ರಶ್ನೆಯನ್ನು ಹೊತ್ತುಕೊಂಡೇ ಬಸ್ಸು ಹತ್ತಿದೆ.

ಕಾರ್ಕಳದ ದಾರಿಯಲ್ಲಿ ಬಸ್ಸು ನಿಂತಾಗ ಉತ್ತರ ಹೊಳೆಯಿತು. ಮಾವ ಬಿಟ್ಟು ಬರಲೋ ಬೇಡವೋ ಎಂದು ಅನುಮಾನಿಸಿದ್ದರೆ ಅವರ ಹಿರಿಮೆ ಹೆಚ್ಚುತ್ತಿತ್ತೇ? ಬಿಟ್ಟು ಬರಲಾಗದ ಆ ಮನಸ್ಸು ಅವರದೇ ಅಲ್ಲವೇ? ಹೊಗಳಿಕೆ ಸಲ್ಲಬೇಕಾದದ್ದು ಅದಕ್ಕೇ. ಮನೆಗೆ ಹೋದವಳೇ ಎರಡೂ ಅಧ್ಯಾಯಗಳನ್ನು ಹರಿದು ಹಾಕಿ ಮೊದಲಿನಿಂದ ಬರೆಯತೊಡಗಿದೆ.

ಗುರುಗಳ ವಿರುದ್ಧವೇ ಬರೆದರೆ ಪದವಿಯ ಆಸೆ ಬಿಡಬೇಕಾಗುತ್ತದೆ ಎಂದು ಸಹೋದ್ಯೋಗಿಗಳು ಎಚ್ಚರಿಸಿದರು. ಗುರುಗಳು ಪುಟಪುಟಕ್ಕೂ ಕೆಂಪು ಶಾಯಿಯಲ್ಲಿ ಆಕ್ಷೇಪ ಬರೆದರು. ನಾನು ಒಂದೊಂದಕ್ಕೂ ಉತ್ತರ ಸೇರಿಸಿದೆ. ಕೊನೆಗೆ ಅವರು ವಾದಕ್ಕೆ ಒಪ್ಪಿಗೆ ಇಲ್ಲವೆಂದೇ ಹೇಳಿ, ಪ್ರಬಂಧ ಸಲ್ಲಿಸಲು ಸಹಿ ಹಾಕಿದರು.

ಮೌಖಿಕ ಪರೀಕ್ಷೆ ವಿಶ್ವವಿದ್ಯಾಲಯದಲ್ಲಿ ನಡೆಯಿತು. ಹೊರಗಿನಿಂದ ಬಂದ ಪರೀಕ್ಷಕರು, ಪ್ರಬಂಧದಲ್ಲಿ ನಾನು ಉದಾಹರಣೆಯಾಗಿ ಕೊಟ್ಟಿದ್ದ ಮಾವನ ದೋಣಿಯನ್ನು ಎಲ್ಲ ದಿಕ್ಕಿನಿಂದಲೂ ಅಲುಗಾಡಿಸಿ ನೋಡಿದರು. ಅದು ಮಗುಚಲಿಲ್ಲ. ಆಮೇಲೆ ಗುರುಗಳತ್ತ ತಿರುಗಿ, ಈ ವಾದವನ್ನು ನೀವು ಒಪ್ಪುತ್ತೀರಾ ಎಂದರು.

"ಇಲ್ಲ," ಎಂದರು ಗುರುಗಳು. "ಆದರೆ ಒಂದು ವರ್ಷದಿಂದ ಇದರಲ್ಲಿ ತಪ್ಪು ಹುಡುಕುತ್ತಿದ್ದೇನೆ. ಸಿಕ್ಕಿಲ್ಲ."

ಪರೀಕ್ಷಕರು ನಗುತ್ತ ಎದ್ದು ನಿಂತು ನನ್ನನ್ನು ಡಾಕ್ಟರ್ ಎಂದು ಕರೆದರು.

ಗುರುಗಳು ನೇರವಾಗಿ ನನ್ನನ್ನು ಹೋಟೆಲಿಗೆ ಕರೆದುಕೊಂಡು ಹೋದರು. ಮಸಾಲೆ ದೋಸೆ ಬರುವ ಮೊದಲೇ ಹೊಸದೊಂದು ಆಕ್ಷೇಪ ತೆಗೆದರು. ಅಷ್ಟು ವರ್ಷ ಅವರೆದುರು ಕುರ್ಚಿಯ ತುದಿಯಲ್ಲಿ ಕೂತವಳು, ಅಂದು ಹಿಂದಕ್ಕೆ ಒರಗಿ ಕೂತು ಉತ್ತರ ಕೊಟ್ಟೆ. ಅವರು ಕೇಳಿ ತಲೆದೂಗಿದರು, ಇಬ್ಬರಿಗೂ ಇನ್ನೊಂದೊಂದು ದೋಸೆ ತರಿಸಿದರು.