ಅಂಗೈ ತುಂಬ ಕಡ್ಲೆಪುರಿ

ನಮ್ಮ ಮನೆಯಲ್ಲಿ ಮೊದಲು ಪದವಿ ಪಡೆದವಳು ನಾನು. ತಿ. ನರಸೀಪುರದಲ್ಲಿ ಮೂಳೆ ಡಾಕ್ಟರಾಗಿ ಸೇರಿದ ವರ್ಷವೇ ಹೆಡತಲೆ ಎಂಬ ಊರಿನ ಅಜ್ಜಿಯೊಬ್ಬರು ಏಳು ವರ್ಷದ ಮೊಮ್ಮಗಳನ್ನು ಕರೆತಂದರು. ನಾಲ್ಕು ದಿನದ ಹಿಂದೆ ಮರದಿಂದ ಬಿದ್ದಿದ್ದ ಹುಡುಗಿಯ ಬಲಗೈಗೆ ಊರಿನವರು ಬಿದಿರ ದಬ್ಬೆಯಿಟ್ಟು ನಾಟಿ ಕಟ್ಟು ಕಟ್ಟಿದ್ದರು. ಹೊರನೋಟಕ್ಕೆ ಕೈ ನೆಟ್ಟಗೇನೋ ಇತ್ತು, ಅಂಗೈ ಮಾತ್ರ ಮೇಲಕ್ಕೆ ತಿರುಗುತ್ತಿರಲಿಲ್ಲ. ಎಕ್ಸ್‌ರೇಯಲ್ಲಿ ಮುಂಗೈಯ ಒಂದು ಮೂಳೆ ಮುರಿದು ಬಾಗಿತ್ತು, ಪಕ್ಕದ ಮೂಳೆಯ ತಲೆ ಮೊಣಕೈಯಿಂದ ಜಾರಿತ್ತು.

“ಕಟ್ಟು ಬಿಚ್ಬ್ಯಾಡ ಕಣವ್ವ, ಇನ್ನೂ ಎಲ್ಡು ಕಟ್ಟು ಆಗ್ಬೇಕು. ನೀನೂ ಅಳ್ಳಿಯೋಳೇ ತಾನೆ? ಓದ್ಬುಟ್ಟು ಎಲ್ಲಾ ಮರ್ತ್‌ಬುಟ್ಯಾ?” ಎಂದು ಅಜ್ಜಿ ಗದರಿದರು.

“ಮರ್ತಿಲ್ಲ ಅಜ್ಜಿ. ನಮ್ಮಪ್ಪಂಗೂ ಚಿಕ್ಕೋರಿದ್ದಾಗ ಇಂಗೇ ಆಗಿ, ಇದೇ ಕಟ್ಟು ಕಟ್ಟಿದ್ರು. ಎಲ್ರೂ ಪ್ರಸಾದಕ್ಕೆ ಬಲಗೈ ಒಡ್ಡಿದ್ರೆ ಅವರು ಇವತ್ಗೂ ಎಡಗೈ ಒಡ್ತಾರೆ.”

ಅಜ್ಜಿ ಮೊಮ್ಮಗಳ ಕೈಯನ್ನೇ ನೋಡಿದರು. “ಬಿಚ್ಚವ್ವ,” ಎಂದರು.

ಅರಿವಳಿಕೆ ಕೊಡಿಸಿ, ಮುರಿದ ಮೂಳೆಯನ್ನು ಎಳೆದು ನೇರ ಮಾಡಿ ಹೆಬ್ಬೆರಳಿನಿಂದ ಒತ್ತಿದೆ. ಜಾರಿದ ತಲೆ ಕಟಕ್ಕನೆ ತನ್ನ ಜಾಗದಲ್ಲಿ ಕೂತಿತು.

ಪ್ಲಾಸ್ಟರ್ ತೆಗೆದು ಕೆಲವು ವಾರಗಳಾದ ಮೇಲೆ ಇಬ್ಬರೂ ಮತ್ತೆ ಬಂದರು. ಅಜ್ಜಿ ಸೆರಗಿನ ಗಂಟು ಬಿಚ್ಚಿ ಮೊಮ್ಮಗಳ ಬಲ ಅಂಗೈಗೆ ಕಡ್ಲೆಪುರಿ ಸುರಿದರು. ಒಂದು ಕಾಳೂ ಚೆಲ್ಲಲಿಲ್ಲ.

“ಈಗ ನೀ ಒಡ್ಡವ್ವ,” ಎಂದರು.

ನಾನು ಎರಡೂ ಕೈ ಒಡ್ಡಿದೆ.